ಹೆಸರಿಲ್ಲದ ಪ್ರತಿವಾದಿಗೂ ಒಂದು ಮಾತಾಡೋ ಹಕ್ಕಿರುತ್ತೆ ಸಾರ್

ಅಶೋಕ್ ಕುಮಾರ್ ಆರ್ಡರ್, ಅಂದ್ರೆ ಹೆಸರು ಗೊತ್ತಿಲ್ಲದೋರ ಮೇಲೆ ಆ ಕಾಲ್ಪನಿಕ ಹೆಸರಲ್ಲಿ ಕೋರ್ಟು ಕೊಡೋ ತಡೆಯಾಜ್ಞೆ, ಅದರಿಂದ ಕಳ್ಳರಿಗೆ ಮಾತ್ರ ತೊಂದ್ರೆ, ಬೇರೆ ಯಾರಿಗೂ ನಷ್ಟ ಇಲ್ಲ ಅಂತ ಬರ್ದಿದೀರಲ್ಲ, ಅದೊಂದು ಒಪ್ಪೋಕಾಗಲ್ಲ. (ನಮ್ಮ ಸೋದರಮಾವನ ಹೆಸರೂ ಅಶೋಕ್ ಕುಮಾರೇ, ಪಾಪ.) 2002ರ ಫುಟ್‌ಬಾಲ್ ವರ್ಲ್ಡ್ ಕಪ್ ಟೈಮಲ್ಲಿ ಲೈಸೆನ್ಸ್ ಇಲ್ದೆ ಟೆನ್ ಸ್ಪೋರ್ಟ್ಸ್ ಚಾನೆಲ್ ತೋರಿಸ್ತಿದ್ದ ಕೇಬಲ್‌ನೋರ ಮೇಲೆ ದೆಹಲಿ ಹೈಕೋರ್ಟು ಇಂಥ ಆರ್ಡರ್ ಕೊಟ್ಟಿದ್ದು ಸರಿನೇ, ಮ್ಯಾಚ್ ಮುಗಿದ್ಮೇಲೆ ಒಬ್ಬೊಬ್ಬರ ಹೆಸರು ಹುಡುಕಿ ಏನ್ ಮಾಡೋದು. ಆದ್ರೆ ಪೈರಸಿಗೆ ಮಾಡಿದ ಅಸ್ತ್ರನ ಮಾನನಷ್ಟಕ್ಕೂ ಬಳಸೋಕೆ ಶುರು ಮಾಡಿದ್ರಲ್ಲ, ಅಲ್ಲೇ ಎಡವಟ್ಟು. ಸಿನಿಮಾ ಕದ್ದಿದ್ದು ಕಣ್ಣಿಗೆ ಕಾಣುತ್ತೆ, ಒಂದು ವಿಡಿಯೋದಲ್ಲಿ ಹೇಳಿದ್ದು ಸುಳ್ಳೋ ನಿಜವೋ ಅನ್ನೋದು ಅದನ್ನ ಹೇಳಿದೋನ್ನ ಕೇಳದೆ ಹೇಗ್ ಗೊತ್ತಾಗುತ್ತೆ? 2025ರ ಜುಲೈಯಲ್ಲಿ ಧರ್ಮಸ್ಥಳದ ವಿಷಯದ ಮಾನನಷ್ಟ ದಾವೆಯಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟು ಎಂಟು ಸಾವಿರಕ್ಕೂ ಹೆಚ್ಚು ಲಿಂಕ್ ತೆಗೆದುಹಾಕಿ ಅಂತ ಏಕಪಕ್ಷೀಯವಾಗಿ, ಅಂದ್ರೆ ಎದುರಿನೋರ ಮಾತು ಕೇಳದೆ, ಹೇಳ್ತು, ಒಂದು ಯೂಟ್ಯೂಬ್ ಚಾನೆಲ್‌ನೋರು ಹೈಕೋರ್ಟಿಗೆ ಹೋದ್ಮೇಲೆ ಆಗಸ್ಟ್ 1ಕ್ಕೆ ಅದು ಬಿದ್ದೋಯ್ತು. ಹೋಗೋಕೆ ಶಕ್ತಿ ಇದ್ದೋರು ಹೋದ್ರು. ಇನ್ನೊಂದು ಕೇಸಲ್ಲಿ ನನ್ನ ಫ್ರೆಂಡ್ ಚಾನೆಲ್‌ನ ವಿಡಿಯೋ ಹೋದಾಗ ಬಂದಿದ್ದು ಎರಡು ಸಾಲಿನ ಮೇಲ್, ಅದರಲ್ಲಿ ಒಂದು ಕೇಸ್ ನಂಬರ್ ಅಷ್ಟೇ, ದಾವೆ ಪ್ರತಿ ಕೇಳಿದ್ರೆ ಈ ಕೇಸಲ್ಲಿ ನೀವು ಪಾರ್ಟಿನೇ ಅಲ್ಲ ಅಂದ್ರು! ವಿಡಿಯೋ ತೆಗೆಸೋವಾಗ ಪಾರ್ಟಿ, ಕಾಗದ ಕೇಳಿದ್ರೆ ಅಲ್ಲ. ಸಿಪಿಸಿ (ಸಿವಿಲ್ ಕೇಸ್ ನಡೆಸೋ ವಿಧಾನದ ಕಾನೂನು) ಆರ್ಡರ್ 39 ರೂಲ್ 4ರಲ್ಲಿ ತಡೆಯಾಜ್ಞೆ ತೆರವು ಮಾಡಿಸ್ಬೋದು ಅಂತ ಲಾಯರ್ ಹೇಳಿದ್ರು, ಫೀಸ್ ಎಷ್ಟು ಅಂತ ಕೇಳಿ ನನ್ನ ಫ್ರೆಂಡ್ ಸುಮ್ನೆ ಎದ್ದು ಬಂದ.