ಬಾರ್‌ಕೋಡನ್ನ ಮೂಲೆ ಹಿಡಿದು ಎಳೆಯೋದು ನಿಲ್ಲಿಸ್ರಪ್ಪ!

ಸ್ಕ್ಯಾನರ್ ಓದ್ತಿಲ್ಲ ಅಂದ ತಕ್ಷಣ ಎಲ್ಲರೂ ಪ್ರಿಂಟರ್ ಮೇಲೆ ಗೂಬೆ ಕೂರಿಸ್ತಾರೆ. ಸರ್ವಿಸ್‌ನವರನ್ನ ಕರೆಸು, ಬಿಸಿಯಾಗಿ ಚುಕ್ಕಿ ಚುಕ್ಕಿಯಾಗಿ ಅಚ್ಚು ಹೊಡೆಯೋ ಹೆಡ್ ಬದಲಿಸು, ಹೊಸ ಸ್ಕ್ಯಾನರ್ ತರಿಸು. ಲೇಬಲ್ ಡಿಸೈನ್ ಫೈಲ್ ತೆಗೆದು ನೋಡೋ ಗೋಜಿಗೆ ಮಾತ್ರ ಒಬ್ಬರೂ ಹೋಗಲ್ಲ. ಕಾರಣ ಅಲ್ಲೇ ಬಿದ್ದಿರುತ್ತೆ: ಎಲ್ಲಿಂದಲೋ ಇಳಿಸಿಕೊಂಡ ಜೆಪೆಗ್ ಬಾರ್‌ಕೋಡ್, ಉಳಿದ ಜಾಗಕ್ಕೆ ಹೊಂದಲಿ ಅಂತ ಮೌಸ್‌ನಲ್ಲಿ ಎಳೆದು ಕೂರಿಸಿರ್ತಾರೆ.

ಬಾರ್‌ಕೋಡ್ ಅಂದ್ರೆ ಲೋಗೋ ಅಲ್ಲ ರೀ! 203 ಡಿಪಿಐ (ಇಂಚಿಗೆ 203 ಡಾಟ್, ಅಂದ್ರೆ ಚುಕ್ಕಿ) ಹೆಡ್‌ನಲ್ಲಿ ಮಿ.ಮೀ.ಗೆ 8 ಡಾಟ್, ಒಂದೊಂದು 0.125 ಮಿ.ಮೀ. ಅರ್ಧ ಡಾಟ್ ಹೊಡೆಯೋಕೆ ಅದರಿಂದ ಆಗಲ್ಲ. ಅಂಗಡಿ ಸಾಮಾನಿನ ಮೇಲಿರೋ 13 ಅಂಕಿಯ ಬಾರ್‌ಕೋಡ್, ಅಂದ್ರೆ ಇಎಎನ್-13ರಲ್ಲಿ ಅತಿ ಸಣ್ಣ ಗೆರೆಯ ಮಾಮೂಲಿ ಅಗಲ 0.33 ಮಿ.ಮೀ., ಅಂದ್ರೆ 2.64 ಡಾಟ್. ಚಿತ್ರವಾಗಿ ಕಳಿಸಿದ್ರೆ ಒಂದು ಗೆರೆ 2 ಡಾಟ್ ಬೀಳುತ್ತೆ, ಅದರಷ್ಟೇ ಇರಬೇಕಾದ ಇನ್ನೊಂದು 3 ಡಾಟ್. ಭೂತಗನ್ನಡಿ ಹಿಡಿದು ನೋಡಿ, ಜೆಪೆಗ್‌ನ ಬೂದು ಅಂಚೆಲ್ಲ ಚುಕ್ಕಿ ಚುಕ್ಕಿಯಾಗಿ ಸಂದಿಯೊಳಗೆ ಬಿದ್ದಿರುತ್ತೆ. ಸ್ಕ್ಯಾನರ್ ಅಳೆಯೋದೇ ಗೆರೆ ಮತ್ತು ಸಂದಿಗಳ ಅಗಲವನ್ನ. ಅದೇ ಕೆಟ್ಟ ಮೇಲೆ ಅದು ಓದೋದಾದ್ರೂ ಏನನ್ನ?

ಲೇಬಲ್ ಸಾಫ್ಟ್‌ವೇರ್‌ನಲ್ಲೇ ಬಾರ್‌ಕೋಡ್ ಟೂಲ್ ಇದೆ, ಅದನ್ನ ಬಳಸಿ. ಸಣ್ಣ ಗೆರೆಯ ಅಗಲವನ್ನ ಪೂರ್ತಿ ಡಾಟ್‌ಗಳಲ್ಲಿ ಕೊಡಿ. 203 ಡಿಪಿಐನಲ್ಲಿ 3 ಡಾಟ್, 0.375 ಮಿ.ಮೀ. 2 ಡಾಟ್ ಕೊಟ್ರೆ 0.25ಕ್ಕೆ ಇಳಿಯುತ್ತೆ, ಇಎಎನ್-13ಕ್ಕೆ ಕನಿಷ್ಠ 0.264 ಬೇಕು. ಈಗ ಲೆಕ್ಕ ಹಾಕಿ, ಅತಿ ಸಣ್ಣ ಗೆರೆಯ ಅಗಲಕ್ಕೆ ಒಂದು ಮಾಡ್ಯೂಲ್ ಅಂತಾರೆ: ಇಎಎನ್-13 ಕೋಡ್ 95 ಮಾಡ್ಯೂಲ್, ಎಡಕ್ಕೆ 11, ಬಲಕ್ಕೆ 7 ಖಾಲಿ, ಒಟ್ಟು 113. ಒಂದಕ್ಕೆ 0.375ರಂತೆ ಅಗಲ 42.4 ಮಿ.ಮೀ. ಆಯ್ತು. 40 ಮಿ.ಮೀ. ಲೇಬಲ್‌ನಲ್ಲಿ ಹಿಡಿಯಲ್ಲ, ಎಷ್ಟು ಎಳೆದಾಡಿದ್ರೂ ಹಿಡಿಯಲ್ಲ! 300 ಡಿಪಿಐ ಹೆಡ್ ಹಾಕಿ 4 ಡಾಟ್ ಕೊಟ್ರೆ ಸುಮಾರು 38ಕ್ಕೆ ಬರುತ್ತೆ, ಇಲ್ಲಾಂದ್ರೆ ದೊಡ್ಡ ಲೇಬಲ್ ತರಿಸಿ. ಆ ಎರಡು ಬದಿಯ ಖಾಲಿ ಜಾಗ ದಂಡಕ್ಕಲ್ಲ, ಅದರೊಳಗೆ ಬಾರ್ಡರ್ ಎಳೆಯೋದು, ಬೆಲೆ ತುರುಕೋದು ಮಾಡಿದ್ರೆ ಕೋಡ್ ಎಲ್ಲಿ ಶುರು ಅನ್ನೋದೇ ಸ್ಕ್ಯಾನರ್‌ಗೆ ಸಿಗಲ್ಲ.

ಅಕ್ಷರ, ಅಂಕಿ ಎರಡನ್ನೂ ಹಿಡಿಯೋ ಇನ್ನೊಂದು ಬಗೆಯ ಬಾರ್‌ಕೋಡ್ ಕೋಡ್ 128. ಅದರಲ್ಲಿ ಬರೀ ಅಂಕಿಗಳಿದ್ದಾಗ ಎರಡೆರಡು ಅಂಕಿಯನ್ನ ಒಂದೇ ಗುರುತಿಗೆ ಸೇರಿಸೋ ಸಿ ಸೆಟ್ ಆರಿಸಿ. 12 ಅಂಕಿಗೆ ಬಿ ಸೆಟ್‌ನಲ್ಲಿ 167 ಮಾಡ್ಯೂಲ್ ಬೇಕು, ಸಿ ಸೆಟ್‌ನಲ್ಲಿ 101 ಸಾಕು.

ಇನ್ನು ಬಾರ್‌ಕೋಡ್ ನಂಬರ್‌ಗಳ ಪಟ್ಟಿ ಮಾಡೋ ಎಕ್ಸೆಲ್ ಕಾಟ. ಕಾಲಮ್ಮನ್ನ ಮೊದಲೇ ಟೆಕ್ಸ್ಟ್ ಮಾಡದೆ ಅಂಕಿ ಅಂಟಿಸ್ತಾರೆ. ಮುಂದಿನ ಸೊನ್ನೆಗಳು ಮಾಯ, 13 ಅಂಕಿಯ ನಂಬರ್‌ಗೆ ಇ+12 ಅನ್ನೋ ಬಾಲ. ಅದನ್ನೇ ಸಿಎಸ್‌ವಿ (ಬರೀ ಅಕ್ಷರ-ಅಂಕಿಯ ಫೈಲ್) ಮಾಡಿ ಲೇಬಲ್ ಸಾಫ್ಟ್‌ವೇರ್‌ಗೆ ಕಳಿಸಿದ್ರೆ ಕೊನೆಯ ಅಂಕಿಗಳು ಹೋದವು ಅಂತಾನೇ ಲೆಕ್ಕ.

ಎಲ್ಲಕ್ಕಿಂತ ಹೊಟ್ಟೆ ಉರಿಸೋದು ಡಾರ್ಕ್‌ನೆಸ್, ಅಂದ್ರೆ ಹೆಡ್‌ಗೆ ಎಷ್ಟು ಹೀಟ್ ಅನ್ನೋ ಸೆಟ್ಟಿಂಗ್. ಓದ್ತಿಲ್ವಾ, ಏರಿಸು! ಹೀಟ್ ಜಾಸ್ತಿ ಆದ್ರೆ ಗೆರೆ ಊದಿಕೊಂಡು ಸಂದಿ ಮುಚ್ಚುತ್ತೆ, ಹೆಡ್ ಬೇಗ ಸವೆಯುತ್ತೆ. ಮಸುಕಾಗಿದ್ರೆ ಮೊದಲು ಸ್ಪೀಡ್ ಇಳಿಸಿ, ಡಾರ್ಕ್‌ನೆಸ್ ಒಂದೊಂದೇ ಹೆಜ್ಜೆ ಏರಿಸಿ. ಲೇಬಲ್‌ಗೆ ಬಣ್ಣ ಕೊಡೋ ರಿಬ್ಬನ್ನೂ ನೋಡಿ: ಪಾಲಿಯೆಸ್ಟರ್ ಲೇಬಲ್‌ಗೆ ವ್ಯಾಕ್ಸ್ (ಮೇಣದ) ರಿಬ್ಬನ್ ಹಾಕಿದ್ರೆ ಬೆರಳಲ್ಲಿ ಉಜ್ಜಿದ್ರೂ ಕಿತ್ತು ಬರುತ್ತೆ, ಅಲ್ಲಿಗೆ ರೆಸಿನ್ (ರಾಳದ) ರಿಬ್ಬನ್ ಬೇಕು.

ಲೇಬಲ್ ಓಡೋ ದಿಕ್ಕಿನಲ್ಲಿ ಉದ್ದಕ್ಕೂ ಒಂದೇ ಕಡೆ ಬಿಳಿ ಗೆರೆ ಬರ್ತಿದ್ರೆ ಮಾತ್ರ ಹೆಡ್ ಮೇಲೆ ಅನುಮಾನ ಪಡಿ. ಪವರ್ ಆಫ್ ಮಾಡಿ, ಹೆಡ್ ತಣ್ಣಗಾದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಆಗಲೂ ಹೋಗದಿದ್ರೆ ಆ ಡಾಟ್ ಸತ್ತಿದೆ. ಹೊಸ ಹೆಡ್ ಬರೋವರೆಗೆ ಕೋಡನ್ನ 90 ಡಿಗ್ರಿ ತಿರುಗಿಸಿ ಹೊಡೆಯಿರಿ. ಆಗ ಬಿಳಿ ಗೆರೆ ಒಂದೇ ಕಪ್ಪು ಗೆರೆಯನ್ನ ಉದ್ದಕ್ಕೂ ಕೊರೆಯೋ ಬದಲು ಎಲ್ಲ ಗೆರೆಗಳನ್ನೂ ಅಡ್ಡಕ್ಕೆ ಸೀಳುತ್ತೆ, ಅದರ ಮೇಲೋ ಕೆಳಗೋ ಸ್ಕ್ಯಾನ್ ಆಗುತ್ತೆ.

ದಯವಿಟ್ಟು ಫೋನ್ ಕ್ಯಾಮೆರಾ ಓದಿತು ಅಂತ ಇಡೀ ರೋಲ್ ಹೊಡೀಬೇಡಿ. ಐದಾರು ಲೇಬಲ್ ತೆಗೆದು, ಕೊನೆಗೆ ಯಾವ ಸ್ಕ್ಯಾನರ್ ಮುಂದೆ ಹೋಗುತ್ತೋ ಅದರಲ್ಲೇ ಹಿಡಿದು ನೋಡಿ.