ಆಫ್ ಮಾಡಿದ ಕಂಪ್ಯೂಟರ್‌ನ ವಿದ್ಯುತ್ ಬಳಕೆ: ಒಂದು ಸ್ಪಷ್ಟನೆ

ಆಫ್ ಮಾಡಿದ ಕಂಪ್ಯೂಟರ್‌ನ ಪ್ಲಗ್ ತೆಗೆಯದಿದ್ದರೆ ತಿಂಗಳಿಗೆ 16 ಯೂನಿಟ್ ವ್ಯರ್ಥವಾಗುತ್ತದೆ ಎಂಬ ಸಂದೇಶವೊಂದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ತಂತಿಯಲ್ಲಿ ಹರಿಯುವ ಕರೆಂಟನ್ನು ಅಳೆಯುವ ಕ್ಲ್ಯಾಂಪ್ ಮೀಟರ್ 0.1 ಆಂಪಿಯರ್ ತೋರಿಸುತ್ತಿರುವ ಚಿತ್ರವೇ ಅದಕ್ಕೆ ಆಧಾರ.

ಈ ಲೆಕ್ಕ ತಪ್ಪು. 230 ವೋಲ್ಟ್‌ಗೆ 0.1 ಆಂಪಿಯರ್ ಗುಣಿಸಿದರೆ ಸಿಗುವುದು 23 ವೋಲ್ಟ್-ಆಂಪಿಯರ್, ವ್ಯಾಟ್ ಅಲ್ಲ; ಅದನ್ನು 23 ವ್ಯಾಟ್ ಎಂದೇ ಹಿಡಿದು ತಿಂಗಳಿಗೆ ಲೆಕ್ಕ ಹಾಕಿದ್ದರಿಂದ ಆ 16 ಯೂನಿಟ್ ಬಂದಿದೆ. ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಭಾಗವಾದ ಎಸ್‌ಎಂಪಿಎಸ್‌ನೊಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಪ್ರತಿ ಆವರ್ತದಲ್ಲೂ ಶಕ್ತಿಯನ್ನು ಪಡೆದು ಮರಳಿಸುತ್ತಿರುವುದರಿಂದ ಮೀಟರ್‌ನಲ್ಲಿ ಆಂಪಿಯರ್ ಕಾಣಿಸಿಕೊಂಡರೂ, ನಿಜವಾಗಿ ಖರ್ಚಾಗುವುದು ಸಾಮಾನ್ಯವಾಗಿ 1ರಿಂದ 3 ವ್ಯಾಟ್ ಮಾತ್ರ. ಈ ಭಾಗದ ವಿದ್ಯುತ್ ಕಂಪನಿ ಮೆಸ್ಕಾಂ ಮನೆಗಳಿಗೆ ಯೂನಿಟ್ ಲೆಕ್ಕ ಹಾಕುವುದೂ ಈ ನಿಜ ಬಳಕೆಗೇ. 2 ವ್ಯಾಟ್ ಎಂದರೆ ಇಡೀ ತಿಂಗಳಿಗೆ ಹೆಚ್ಚುಕಡಿಮೆ ಒಂದೂವರೆ ಯೂನಿಟ್. ಸಿಡಿಲಿನ ಹೊತ್ತಿನಲ್ಲಿ ಪ್ಲಗ್ ಕೀಳುವ ಮಲೆನಾಡಿನ ರೂಢಿಯನ್ನು ಮಾತ್ರ ದಯವಿಟ್ಟು ಯಾರೂ ಬಿಡಬಾರದು. ಅದರ ಕಾರಣವೇ ಬೇರೆ.

ಗಮನ ಕೊಡಬೇಕಾದದ್ದು ಯಾರೂ ಬಳಸದೆ ಆನ್ ಇಟ್ಟಿರುವ ಡೆಸ್ಕ್‌ಟಾಪ್‌ಗೆ. ಮಾನಿಟರ್ ಕಪ್ಪಾಗಿದ್ದರೂ ಒಳಗೆ 50 ವ್ಯಾಟ್ ಉರಿಯುತ್ತಿದ್ದರೆ ಹಗಲೂ ರಾತ್ರಿ ಸೇರಿ ತಿಂಗಳಿಗೆ 36 ಯೂನಿಟ್ ಆಗುತ್ತದೆ. ಸ್ಲೀಪ್‌ನಲ್ಲಿಟ್ಟರೆ ಇದು ಕೆಲವೇ ವ್ಯಾಟ್‌ಗೆ ಇಳಿಯುತ್ತದೆ. ಇದನ್ನು ನೀವೇ ಅಳೆಯಬಹುದು: ಫ್ರಿಜ್, ದೀಪ, ಯುಪಿಎಸ್ ಎಲ್ಲವನ್ನೂ ಆಫ್ ಮಾಡಿ ಕಂಪ್ಯೂಟರನ್ನು ಮಾತ್ರ ಆನ್ ಇಟ್ಟಾಗ, ಯೂನಿಟ್‌ಗೆ 3200 ಬಾರಿ ಮಿನುಗುವುದೆಂದು ಬರೆದಿರುವ ಮನೆಯ ಮೀಟರ್‌ನ ಕೆಂಪು ದೀಪವು ಸುಮಾರು 22 ಸೆಕೆಂಡಿಗೊಮ್ಮೆ ಮಿನುಗಿದರೆ ಬಳಕೆ 50 ವ್ಯಾಟ್ ಎಂದರ್ಥ. ಆಫ್ ಆದ ಯಂತ್ರದ ಒಂದೆರಡು ವ್ಯಾಟ್ ಈ ವಿಧಾನಕ್ಕೆ ಸಿಗುವುದಿಲ್ಲ. ಅದಕ್ಕೆ ಕಡಿಮೆ ಬಳಕೆಯಲ್ಲೂ ನಿಜವಾದ ವ್ಯಾಟ್ ತೋರಿಸುವ ಉತ್ತಮ ಪ್ಲಗ್ ಮೀಟರ್ ಬೇಕು.