ಇಳಿತಕಾಲ, ರಾಹುಕಾಲ

ಇವತ್ತು ಮಧ್ಯಾಹ್ನ ಕಚೇರಿಯ ಸಭೆಯಲ್ಲಿ ಬಾಕಿ ಕಡತಗಳ ಲೆಕ್ಕ ನಡೆದಿತ್ತು. ಯಾರ ಮೇಜಿನ ಮೇಲೆ ಎಷ್ಟು ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಸಾಹೇಬರು ನನ್ನ ಹತ್ತಿರ ಬರುವುದಕ್ಕೂ ನನ್ನ ಅಂಗಿಯ ಜೇಬಿನಲ್ಲಿ ಹಡಗು ಕೂಗುವುದಕ್ಕೂ ಸರಿಹೋಯಿತು. ಭೋಂ ಎಂದು, ಎರಡು ಸಲ. ಕಣ್ಣೂರಿನಲ್ಲಿ ಸಮುದ್ರ ಪೂರ್ತಿ ಇಳಿದಿದೆ ಎಂಬುದು ಅದರ ಅರ್ಥ. ಈ ಸುದ್ದಿಯಿಂದ ಕಲಬುರಗಿಯಲ್ಲಿ ಯಾರಿಗೆ ಏನು ಪ್ರಯೋಜನ ಎಂದು ಸಾಹೇಬರು ಬಾಯಿಬಿಟ್ಟು ಕೇಳಲಿಲ್ಲ. ಅವರ ಹುಬ್ಬು ಕೇಳಿತು.

ಈ ಕೂಗನ್ನು ನನ್ನ ಮೊಬೈಲಿಗೆ ಗಂಟುಹಾಕಿದವರು ನನ್ನ ಷಡ್ಡಕರು. ಪ್ರವಾಸ ಮುಗಿದು, ಮರಳು ತುಂಬಿದ ಬಟ್ಟೆಗಳೆಲ್ಲ ಒಗೆದು ಒಣಗಿ ಮಡಚಿಯೂ ಆಯಿತು, ಹಡಗು ಮಾತ್ರ ನಿಂತಿಲ್ಲ. ಮಾಮೂಲಿ ಅಲಾರಂ ಆದರೆ ದಿನವೂ ಒಂದೇ ಹೊತ್ತಿಗೆ ಹೊಡೆಯುತ್ತದೆ, ಮನುಷ್ಯ ಹೇಗೋ ಹೊಂದಿಕೊಳ್ಳುತ್ತಾನೆ. ಇದು ದಿನಕ್ಕೆ ಐವತ್ತು ನಿಮಿಷದಷ್ಟು ಮುಂದಕ್ಕೆ ಸರಿಯುತ್ತದೆ. ಹಗಲು ಒಮ್ಮೆ ಕೂಗಿದರೆ, ಹನ್ನೆರಡೂವರೆ ಗಂಟೆ ಬಿಟ್ಟು ರಾತ್ರಿ ಮತ್ತೊಮ್ಮೆ. ನಿನ್ನೆ ನಡುರಾತ್ರಿ ಕೂಗಿದಾಗ ಎದುರು ಮನೆಯವರು ದೀಪ ಹಾಕಿ ಹೊರಗೆ ಬಂದರು. ತೆಗೆಯುವುದು ಹೇಗೆ ಎಂದು ಫೋನು ಮಾಡಿದರೆ, "ಇರಲಿ ಬಿಡಿ, ರೂಢಿಯಾಗುತ್ತದೆ" ಎನ್ನುತ್ತಾರೆ, ಬೀದರಿನಲ್ಲಿ ನೆಮ್ಮದಿಯಾಗಿ ಕುಳಿತುಕೊಂಡು.

ಷಡ್ಡಕರು ಗಣಿತದ ಉಪನ್ಯಾಸಕರು. ದೀಪಾವಳಿ ರಜೆಗೆ ಎರಡೂ ಮನೆಯವರು ಕೂಡಿ ಮುಳಪ್ಪಿಲಂಗಾಡಿಗೆ ಹೋಗೋಣ, ತೆಂಗಿನ ತೋಟದಲ್ಲಿ ಡೇರೆ ಹಾಕೋಣ, ಸಮುದ್ರದ ದಂಡೆಯ ಮೇಲೆ ಕಾರು ಓಡಿಸೋಣ ಎಂದು ಎಲ್ಲರ ತಲೆಯಲ್ಲಿ ಹುಳ ಬಿಟ್ಟವರು ಅವರೇ. ಕೇರಳದ ಕಣ್ಣೂರಿಗೂ ತಲಶ್ಶೇರಿಗೂ ನಡುವೆ ಇರುವ ಊರು ಅದು. ನಾಲ್ಕು ಕಿಲೋಮೀಟರಿನಷ್ಟು ಉದ್ದಕ್ಕೆ ಗಟ್ಟಿ ಮರಳು; ಮಳೆಗಾಲ ಬಿಟ್ಟರೆ ವಾಹನ ಓಡಿಸಲು ಬಿಡುತ್ತಾರೆ. ನಮ್ಮಿಂದ ಎಂಟುನೂರು ಕಿಲೋಮೀಟರಿನ ಆಸುಪಾಸು. ಕಾರು ನನ್ನದು. ಅವರ ಕಾರಿಗೆ ತುಕ್ಕು ಬೇಗ ಹಿಡಿಯುತ್ತದಂತೆ.

ಸಮುದ್ರ ಇಳಿದಾಗ ಹಿಂದೆ ಉಳಿಯುವ ಒದ್ದೆ ಮರಳು ಗಟ್ಟಿ, ಮೇಲಿನ ಒಣ ಮರಳು ಸಡಿಲ. ಆದ್ದರಿಂದ ಇಳಿತಕ್ಕೆ ಎರಡು ಗಂಟೆ ಮೊದಲಿನಿಂದ ದಂಡೆಗೆ ಇಳಿಯಬಹುದು, ಇಳಿತ ಮುಗಿದು ಎರಡು ಗಂಟೆಯೊಳಗೆ ಮೇಲೆ ಬರಬೇಕು. ಇಷ್ಟೇ ವಿಷಯ. ಇದನ್ನು ಷಡ್ಡಕರು ಆರು ಹಾಳೆಯ ಪಟ್ಟಿ ಮಾಡಿದರು. ಸಮುದ್ರದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಹಾಕುತ್ತಾ ಕಲಬುರಗಿಯ ನಮ್ಮ ಬಚ್ಚಲುಮನೆಯವರೆಗೆ ಬಂದರು. ಹುಬ್ಬಳ್ಳಿಯಲ್ಲಿ ಚಹಾಕ್ಕೆ ಹನ್ನೊಂದು ನಿಮಿಷ. ಮಕ್ಕಳ ಮೂತ್ರವಿಸರ್ಜನೆ ಯಲ್ಲಾಪುರದಲ್ಲಿ. ಮಕ್ಕಳಿಗೆ ಯಲ್ಲಾಪುರಕ್ಕಿಂತ ಮೊದಲೇ ಬಂದರೆ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, "ಪಟ್ಟಿ ನೋಡಿದ್ದೀಯಾ?" ಎಂದರು.

ಪಟ್ಟಿಯ ಮೇಲೆ ತಾಲೀಮು. ಸಡಿಲ ಮರಳಿನಲ್ಲಿ ಚಕ್ರ ಹೂತುಕೊಳ್ಳಬಾರದೆಂದರೆ ಟೈರಿನ ಗಾಳಿ ಇಳಿಸಬೇಕು ಎಂದು ಎಲ್ಲೋ ಓದಿದ್ದರು. ಅದಕ್ಕಾಗಿಯೇ ಒಂದು ಭಾನುವಾರ ಬೀದರಿನಿಂದ ಬಂದು ನನ್ನನ್ನೂ ನನ್ನ ಕಾರನ್ನೂ ರಿಂಗ್ ರಸ್ತೆಯ ಪಂಕ್ಚರ್ ಅಂಗಡಿಗೆ ಎಳೆದುಕೊಂಡು ಹೋದರು.

"ಪಂಕ್ಚರ್ ಯಾವ ಗಾಲಿಗೆ ಸಾಹೇಬರೇ?"

"ಪಂಕ್ಚರ್ ಇಲ್ಲ. ಗಾಳಿ ತೆಗೆಯಬೇಕು. ಮೂವತ್ತೆರಡರಿಂದ ಇಪ್ಪತ್ತಕ್ಕೆ."

"ತೆಗೆದು?"

"ಮತ್ತೆ ತುಂಬಬೇಕು."

ಅಂಗಡಿಯವನು ಕೈಯಲ್ಲಿದ್ದ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಹಾಗೆಯೇ ಬಿಟ್ಟು ಎದ್ದು ನಿಂತ. ಷಡ್ಡಕರು ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಾ ಒಂದೊಂದೇ ಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ನಳಿಗೆಯ ಮೂತಿಯನ್ನು ಉಗುರಿನಿಂದ ಒತ್ತಿ, ಬುಸ್ಸೆನ್ನುವಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ನಾಲ್ಕೂ ಇಳಿದ ಮೇಲೆ ನಾಲ್ಕೂ ತುಂಬಿಸಿದರು. ಸಮಯ ಹೆಚ್ಚಾಯಿತು ಎಂದು ಮತ್ತೆ ಇಳಿಸಿದರು. ಹಿಂದೆ ಒಂದು ಟ್ರ್ಯಾಕ್ಟರು, ಎರಡು ಆಟೋ, ತೊಗರಿ ಚೀಲ ಹೇರಿದ ಟಂಟಂ ಸಾಲುಗಟ್ಟಿದವು. ಟ್ರ್ಯಾಕ್ಟರಿನವನು ಎರೆ ಹೊಲದ ಕೆಸರಿನಲ್ಲಿ ದಿನಾಲೂ ಗಾಲಿ ಹೂತು ದಿನಾಲೂ ತೆಗೆಯುವವನು. ಯಾವ ಕೆಸರಿಗಾಗಿ ಈ ಸಿದ್ಧತೆ ಎಂದು ನನ್ನನ್ನು ಕೇಳಿದ. ಸಮುದ್ರಕ್ಕೆ ಎಂದೆ. ಅವನು ಆಟೋದವನ ಮುಖ ನೋಡಿದ. ದುಡ್ಡು ಕೊಡುವಾಗ ಅಂಗಡಿಯವನು ತುಂಬಿದ್ದಕ್ಕೂ ಇಳಿಸಿದ್ದಕ್ಕೂ ಬೇರೆ ಬೇರೆ ಲೆಕ್ಕ ಹಚ್ಚಿ, ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: "ಇವರ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ?"

ಇದ್ದರು. ನಮ್ಮ ಅತ್ತೆ. ಸುರಪುರದ ಕಡೆಯವರು, ಸಮುದ್ರ ನೋಡಿದವರಲ್ಲ, ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಕರಿ ಚುಕ್ಕೆಯ ಮೇಲೆ ಬೆರಳಿಟ್ಟುಕೊಂಡೇ ಬದುಕಿದವರು. ಅಮಾವಾಸ್ಯೆಗೆ ಮುಳಪ್ಪಿಲಂಗಾಡಿನಲ್ಲಿ ಇರಬೇಕು ಎಂದು ಷಡ್ಡಕರು. ಅಮಾವಾಸ್ಯೆಗೆ ಮನೆಯ ಹೊಸ್ತಿಲು ದಾಟಬಾರದು, ಅದರಲ್ಲೂ ಲಕ್ಷ್ಮಿಪೂಜೆಯ ದಿನ ಎಂದು ಅತ್ತೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರ ಒಂದೇ ಸಾಲಿಗೆ ನಿಂತು ಎಳೆಯುವುದರಿಂದ ಭರತವೂ ಜೋರು, ಇಳಿತವೂ ಜೋರು, ಅಷ್ಟಮಿಯ ಸುಮಾರಿಗೆ ಎರಡೂ ಸಪ್ಪೆ ಎಂದು ಷಡ್ಡಕರು ನಿಂಬೆಹಣ್ಣು, ತೆಂಗಿನಕಾಯಿ ಇಟ್ಟು ಪಾಠ ಮಾಡಿದರು. ಅತ್ತೆ ನಿಂಬೆಹಣ್ಣನ್ನು ಎತ್ತಿ ಉಪ್ಪಿನಕಾಯಿಗೆ ಹಾಕಿಕೊಂಡರು.

ಇವರಿಬ್ಬರೂ ಜಗಳಾಡುವಷ್ಟು ದಿನ ನನಗೆ ನೆಮ್ಮದಿಯಿತ್ತು. ಕೆಟ್ಟದ್ದು ಶುರುವಾದದ್ದು ಒಂದಾದ ಮೇಲೆ. ಪಟ್ಟಿಯಲ್ಲಿ ಹೊತ್ತು ದಿನಾಲೂ ಏಕೆ ಬದಲಾಗುತ್ತದೆ ಎಂದು ಅತ್ತೆ ಕೇಳಿದರು. ಚಂದ್ರ ದಿನಕ್ಕೆ ಐವತ್ತು ನಿಮಿಷ ತಡ ಎಂದರು ಇವರು. "ಹಾಗೆನ್ನಿ ಅಳಿಯಂದಿರೇ. ದಿನಕ್ಕೆ ಎರಡು ಗಳಿಗೆ. ನಮ್ಮ ಅಪ್ಪನೂ ಅದನ್ನೇ ಹೇಳುತ್ತಿದ್ದ." ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ, ಎರಡಕ್ಕೆ ನಲವತ್ತೆಂಟು. ಷಡ್ಡಕರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಸಂಜೆಯಿಂದ ಷಡ್ಡಕರು ತಿಥಿ ಕೇಳುವುದು, ಅತ್ತೆ ಇಳಿತ ಕೇಳುವುದು, ಮಧ್ಯೆ ನಾನು ಚಹಾ ಕೊಡುವುದು. ಪಾಡ್ಯ ಕಳೆದು ಹೊರಟರೂ ಇಳಿತದ ಜೋರು ಒಂದೆರಡು ದಿನ ಉಳಿದಿರುತ್ತದೆ ಎಂದು ರಾಜಿಯಾಯಿತು. ದಂಡೆಗೆ ಇಳಿಯುವುದು ಸೋಮವಾರ. ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತು ರಾಹುಕಾಲ. ಇಳಿತ ಏಳಕ್ಕೆ. ಏಳೂವರೆಯೊಳಗೆ ಚಕ್ರ ಮರಳಿಗೆ ತಾಗಿದರೆ ಆಮೇಲೆ ಓಡುತ್ತಿರಬಹುದು, ನಿಂತ ಗಾಡಿಯನ್ನು ಮಾತ್ರ ರಾಹುಕಾಲದಲ್ಲಿ ಎಬ್ಬಿಸುವಂತಿಲ್ಲ ಎಂಬ ಕರಾರು ಹಾಳೆಯ ಅಂಚಿನಲ್ಲಿ ಬರೆಯಲ್ಪಟ್ಟಿತು.

ಸಮುದ್ರದ ಮೇಲೆ ನನಗೆ ದೂರಿಲ್ಲ. ಸೋಮವಾರ ಅದು ಹೇಳಿದ ಹೊತ್ತಿಗೆ ಇಳಿದಿತ್ತು. ನಾವು ಏಳೂ ಹತ್ತಕ್ಕೆ ದಂಡೆಯಲ್ಲಿದ್ದೆವು. ನಮ್ಮ ಪಕ್ಕದಲ್ಲಿ ಆಟೋಗಳು, ಸಣ್ಣ ಕಾರುಗಳು, ಮೊಮ್ಮಗಳಿಗೆ ಸ್ಕೂಟರ್ ಕಲಿಸುವ ಒಬ್ಬ ಅಜ್ಜ, ಎಲ್ಲರೂ ಗಾಳಿ ತುಂಬಿದ ಟೈರಿನಲ್ಲೇ ಸಲೀಸಾಗಿ ಓಡಾಡುತ್ತಿದ್ದರು. ಅಷ್ಟು ಗಟ್ಟಿ ಮರಳು. ಷಡ್ಡಕರು ಮಾತ್ರ ಕಾರು ನಿಲ್ಲಿಸಿ, ಇಳಿದು, ಗಾಲಿಯ ಮುಂದೆ ಕುಳಿತು ಕಣ್ಣು ಮುಚ್ಚಿದರು. ನೋಡಿದವರು ನೋಡಿದವರೆಲ್ಲ ಬ್ರೇಕು ಹಾಕಿ "ಪಂಕ್ಚರ್?" ಎಂದು ಕೇಳಿ ಸಹಾಯಕ್ಕೆ ಇಳಿದರು. ಪ್ರತಿಯೊಬ್ಬರಿಗೂ ವಿವರಣೆ. ನಾಲ್ಕನೆಯ ಗಾಲಿ ಮುಗಿಸಿ ಅವರು ಏಳುವಾಗ ಏಳೂ ಮೂವತ್ಮೂರು.

"ಇನ್ನು ಕೀಲಿ ತಿರುಗಿಸಬೇಡಿ" ಎಂದರು ಅತ್ತೆ, ಹಿಂದಿನ ಸೀಟಿನಿಂದ.

ಕರಾರು ಕರಾರೇ. ಒಂಬತ್ತಕ್ಕೆ ರಾಹುಕಾಲ ಮುಗಿಯುತ್ತದೆ. ಪಟ್ಟಿಯ ಪ್ರಕಾರ ಒಂಬತ್ತಕ್ಕೆ ದಂಡೆಯನ್ನೂ ಬಿಡಬೇಕು. ಆರು ಹಾಳೆಯಲ್ಲಿ ಈ ಎರಡು ಒಂಬತ್ತುಗಳು ಒಂದರ ಮುಖ ಒಂದು ನೋಡಿಕೊಂಡಿರಲಿಲ್ಲ. ಕಣ್ಣೂರು ಜಿಲ್ಲೆಯ ಅರ್ಧ ಜನ ನಮ್ಮ ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ ಮನೆಗೆ ಹೋದರು. ನಾವು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಕೊಂಡು ಕುಳಿತೆವು.

ಅತ್ತೆ ಸೀರೆ ಎತ್ತಿ ಹಿಡಿದು ನೀರಿನ ಅಂಚಿಗೆ ಹೋದರು. ನೀರು ಸರಿದ ಜಾಗದಲ್ಲಿ ಬರಿಗಾಲಿನಲ್ಲಿ ನಿಂತು, "ನಮ್ಮ ಅಂಗಳದ ಫರಸಿಯ ಹಾಗೆ ತಣ್ಣಗಿದೆ" ಎಂದರು. ಅವರ ಮನೆಯದು ಶಹಾಬಾದ್ ಕಲ್ಲು. ಭೀಮಾ ಸೀಮೆಯ ಆ ಸುಣ್ಣಕಲ್ಲು ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಒಂದು ಸಮುದ್ರದ ತಳದಲ್ಲಿ ಪದರು ಪದರಾಗಿ ಕುಳಿತದ್ದು. ಅದರ ಮೇಲೆಯೇ ನಾವು ಹುಟ್ಟಿ, ಅಂಬೆಗಾಲಿಟ್ಟು, ಬೇಸಿಗೆಯ ಮಧ್ಯಾಹ್ನ ಬರಿಮೈಯಲ್ಲಿ ಮಲಗಿ ಬೆಳೆದವರು. ನಮ್ಮ ಕಡೆಯಿಂದ ಇಳಿದ ಸಮುದ್ರ ಮತ್ತೆ ಏರಲಿಲ್ಲ. ಇದನ್ನು ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಇಳಿದದ್ದು ಯಾವ ತಿಥಿಗೋ" ಎಂದರು.

ಒಂಬತ್ತಕ್ಕೆ ಸರಿಯಾಗಿ ಕಾರು ಎಬ್ಬಿಸಿ, ಸುತ್ತುಹಾಕಿ, ಮೇಲೆ ಬಂದೆವು. ನಾಲ್ಕು ಕಿಲೋಮೀಟರಿನ ದಂಡೆಯಲ್ಲಿ ನಾವು ಓಡಿಸಿದ್ದು ಕಾರನ್ನು ತಿರುಗಿಸಲು ಬೇಕಾಗುವಷ್ಟು. ಚಪ್ಪಟೆ ಟೈರಿನಲ್ಲಿ ಹೆದ್ದಾರಿಯ ಮೇಲೆ ತೆವಳುತ್ತಾ ಗಾಳಿ ಹುಡುಕಿಕೊಂಡು ಹೋದದ್ದೇ ಹೆಚ್ಚು ದೂರ.

ಈಗ ಕಾರಿನ ಹೊಟ್ಟೆಯಡಿ ಉಪ್ಪು ಕುಳಿತಿದೆ. ಸಿಹಿನೀರಿನಿಂದ ಆದಷ್ಟು ಬೇಗ ತೊಳೆಯದಿದ್ದರೆ ತುಕ್ಕು ಎಂದು ಷಡ್ಡಕರು ಬೆಳಿಗ್ಗೆ ಸಂಜೆ ಎಚ್ಚರಿಸುತ್ತಾರೆ. ಬೋರಿನ ನೀರು ಸವಳು. ಉಪ್ಪಿಗೆ ಉಪ್ಪು ಸೇರಿಸಬೇಡಿ ಎಂದು ಅದಕ್ಕೂ ತಡೆ. ವಾಟರ್ ಸರ್ವೀಸಿನವನದೂ ಬೋರಿನ ನೀರೇ. ಉಳಿದದ್ದು ನಲ್ಲಿ ನೀರು. ಅರಬ್ಬೀ ಸಮುದ್ರ ಇನ್ನು ಹತ್ತು ವರ್ಷ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಈಗಲೇ ನಿಮಿಷ ಸಹಿತ ಹೇಳುವವರಿದ್ದಾರೆ. ನಮ್ಮ ಓಣಿಗೆ ನಲ್ಲಿ ನೀರು ಯಾವತ್ತು ಬರುತ್ತದೆ ಎಂದು ಬಿಡುವವನಿಗೂ ಗೊತ್ತಿಲ್ಲ. ಇದನ್ನು ಬಾಯಿತಪ್ಪಿ ಷಡ್ಡಕರ ಮುಂದೆ ಅಂದೆ. ಫೋನಿನ ಆ ತುದಿಯಲ್ಲಿ ಪೆನ್ನಿನ ಮುಚ್ಚಳ ತೆಗೆದ ಸದ್ದಾಯಿತು. ಹೋದ ಸಲ ಬಂದದ್ದು ಯಾವ ತಿಥಿಗೆ ಎಂದು ಕೇಳಿದರು. ಅಡುಗೆಮನೆಯಿಂದ ಅತ್ತೆ "ಚೌತಿ" ಎಂದು ಕೂಗಿ ಹೇಳಿದರು. ರಾತ್ರಿಯ ಹೊತ್ತಿಗೆ ಹೊಸ ಪಟ್ಟಿ ಬಂದಿತ್ತು: ನೀರು ಬಂದ ದಿನ, ಹೊತ್ತು, ತಿಥಿ, ಒತ್ತಡ. ಒತ್ತಡ ಎನ್ನುವಲ್ಲಿ ಒಂದು ಕೊಡ ತುಂಬಲು ಎಷ್ಟು ಸೆಕೆಂಡು ಎಂದು ಬರೆಯಬೇಕಂತೆ. ಹೆಂಡತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ, ಪಕ್ಕದಲ್ಲಿ ದಾರ ಕಟ್ಟಿ ಪೆನ್ಸಿಲನ್ನೂ ಇಳಿಬಿಟ್ಟಿದ್ದಾಳೆ.